ಭಾವನ ಪಟ್ಟಿಯಿಂದ ನನ್ನ ಹೆಸರು ಹೋದದ್ದು

ನಮ್ಮ ಭಾವನ ದೃಷ್ಟಿಯಲ್ಲಿ ಮನುಷ್ಯಕುಲದಲ್ಲಿ ಇರುವುದು ಎರಡೇ ಜಾತಿ: ಅವರಿಗೆ ರಕ್ತ ಕೊಟ್ಟವರು, ಇನ್ನೂ ಕೊಡದವರು. ಮೊದಲನೆಯವರನ್ನು ಪ್ರೀತಿಸುತ್ತಾರೆ. ಎರಡನೆಯವರ ಜೊತೆ ಮಾತನಾಡುವಾಗ ಮುಖ ನೋಡುವುದಿಲ್ಲ, ಮೊಣಕೈಯ ಒಳಭಾಗ ನೋಡುತ್ತಾರೆ. "ಎಂಥಾ ರಕ್ತನಾಳ ರೀ! ಕಣ್ಣು ಮುಚ್ಕೊಂಡು ಚುಚ್ಚಬಹುದು" ಎಂದು ಮದುವೆಮನೆಯೊಂದರಲ್ಲಿ ನನ್ನ ನಾದಿನಿಯನ್ನು ಅವರು ಹೊಗಳಿದ್ದನ್ನು ಆಕೆಯ ಗಂಡ ಇವತ್ತಿಗೂ ಮರೆತಿಲ್ಲ!

ಭಾವ ಎಂದರೆ ನನ್ನ ಒಬ್ಬಳೇ ಅಕ್ಕನ ಗಂಡ. ಮುಂಬೈಯ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ವೈರಸ್ಸು, ರೋಗನಿರೋಧಕ ಶಕ್ತಿ, ನರಗಳ ಕಾಯಿಲೆ, ಈ ಮೂರರ ನಡುವಿನ ಜಗಳ ಬಿಡಿಸುವುದು ಅವರ ಕೆಲಸ. ಮನೆ ಘಾಟ್ಕೋಪರಿನಲ್ಲಿ. ನಾನಿರುವುದು ಗೋರೆಗಾಂವ್‌ನಲ್ಲಿ. ನನ್ನ ಕೆಲಸವನ್ನು ಕೇಳಿದರೆ, ಸಂಬಳ ಬರುವುದು ಮಲಾಡಿನ ಆಫೀಸೊಂದರಿಂದ. ಆದರೆ ಮುಖ್ಯ ಉದ್ಯೋಗ ಹೆದರುವುದು. ತಲೆನೋವು ಬಂದರೆ ಗೆಡ್ಡೆ, ಕೆಮ್ಮಿದರೆ ಕ್ಷಯ, ಏನೂ ಬರದಿದ್ದರೆ ಒಳಗೊಳಗೇ ಏನೋ ಬರುತ್ತಿದೆ. ನಮ್ಮ ಫ್ಯಾಮಿಲಿ ಡಾಕ್ಟರು ನನ್ನನ್ನು ಕಂಡರೆ ಕಾಂಪೌಂಡರನ್ನು ಮುಂದೆ ಬಿಟ್ಟು ತಾವು ಹಿಂದಿನ ಬಾಗಿಲಿನಿಂದ ಚಹಾ ಕುಡಿಯಲು ಹೋಗುತ್ತಾರೆ.

ಇಂಥ ನನ್ನ ಹೆಸರನ್ನು, ಕಂಡಕಂಡವರ ತೋಳನ್ನೆಲ್ಲ ಆಸೆಗಣ್ಣಿನಿಂದ ನೋಡುವ ನಮ್ಮ ಭಾವ, ಕಳೆದ ವರ್ಷ ತಮ್ಮ ಪಟ್ಟಿಯಿಂದ ಹೊಡೆದು ಹಾಕಿದರು. ಕಾರಣ ಹೇಳಲಿಲ್ಲ. ನನ್ನ ರಕ್ತದಲ್ಲಿ ಅವರಿಗೆ ಏನು ಕಂಡಿತು? ಈಗ ಹೇಳಹೊರಟದ್ದು ಅದನ್ನೇ.

ಮೊದಲು ಪಟ್ಟಿ ಎಂದರೇನು ಹೇಳಿಬಿಡುತ್ತೇನೆ. ಕಾಯಿಲೆಯವರ ರಕ್ತದಲ್ಲಿ ಏನೋ ಒಂದು ಕಂಡಿತು ಎಂದಿಟ್ಟುಕೊಳ್ಳಿ. ಅದು ಕಾಯಿಲೆಯಿಂದ ಬಂತೋ, ಮುಂಬೈಯ ನೀರಿನಿಂದ ಬಂತೋ? ತಿಳಿಯಬೇಕಾದರೆ ಅದೇ ವಯಸ್ಸಿನ, ಅದೇ ನೀರು ಕುಡಿಯುವ, ಅದೇ ಲೋಕಲ್ ರೈಲಿನಲ್ಲಿ ನೇತಾಡುವ ಆರೋಗ್ಯವಂತರ ರಕ್ತವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಇಂಥ ಆರೋಗ್ಯವಂತರಿಗೆ ಅವರ ಭಾಷೆಯಲ್ಲಿ 'ಕಂಟ್ರೋಲ್' ಎಂದು ಹೆಸರು.

"ರೋಗಿಗಳೇನು, ತಾವಾಗೇ ಬರ್ತಾರೆ ಕಣೋ" ಎನ್ನುತ್ತಾರೆ ಭಾವ. "ಈ ಊರಲ್ಲಿ ಆರೋಗ್ಯವಾಗಿರೋನನ್ನ ಹಿಡಿಯೋದೇ ಕಷ್ಟ. ಅವನಿಗೆ ಟೈಮೇ ಇರಲ್ಲ."

ಹಾಗಾಗಿ ಆರೋಗ್ಯವಂತರು ಎಲ್ಲಿ ಗುಂಪಾಗಿ ಸಿಗುತ್ತಾರೋ ಅಲ್ಲಿಗೇ ಭಾವ ಹೋಗುತ್ತಾರೆ. ಮಾಟುಂಗಾದ ಹಾಲ್ ಒಂದರಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗನ ಮುಂಜಿಯಾಯಿತಲ್ಲ, ಅದರ ಮೇಲಿನ ಕೋಣೆಯನ್ನು ಅವರು ಮೊದಲೇ ಹೇಳಿ ಇಟ್ಟುಕೊಂಡಿದ್ದರು. ಜೊತೆಗೆ ಒಬ್ಬ ನರ್ಸು, ಮಂಜುಗಡ್ಡೆ ತುಂಬಿದ ದೊಡ್ಡ ಬಿಳಿ ಡಬ್ಬ. ರಕ್ತ ಊಟಕ್ಕೆ ಮುಂಚೆಯೇ ತೆಗೆಯಬೇಕು. ಡಬ್ಬ ಮೆಟ್ಟಿಲೇರುವುದನ್ನು ಕಂಡ ನೆಂಟರಿಷ್ಟರು, ಪಾಯಸದ ಮೇಲೆ ಐಸ್‌ಕ್ರೀಮೂ ಇದೆ ಎಂದು ಲೆಕ್ಕ ಹಾಕಿದರು. ವಿಚಾರಿಸಿಕೊಂಡು ಬರಲು ಮೇಲೆ ಹೋದ ಹನ್ನೊಂದು ಜನ, ಒಂದೊಂದು ತೋಳು ಮಡಚಿಕೊಂಡು ಇಳಿದು ಬಂದರು!

ಪುರೋಹಿತರು ಮಾತ್ರ ಕೈಗೆ ಸಿಗಲಿಲ್ಲ. "ನಾನು ಮಡಿಯಲ್ಲಿದ್ದೀನಿ, ಮುಟ್ಟೋ ಹಾಗಿಲ್ಲ" ಎಂದು ದೂರ ಸರಿದರು.

"ನನ್ನ ಸೂಜಿ ನಿಮಗಿಂತ ಮಡಿ ಸ್ವಾಮಿ" ಎಂದರು ಭಾವ. "ಪೊಟ್ಟಣ ನಿಮ್ಮೆದುರಿಗೇ ಒಡೀತೀನಿ."

ಹೀಗೆಂದಮಾತ್ರಕ್ಕೆ ಅವರು ಸಿಕ್ಕಿದವರಿಗೆ ಚುಚ್ಚುವ ಮನುಷ್ಯ ಎಂದುಕೊಳ್ಳಬೇಡಿ. ರಕ್ತಕ್ಕೆ ಮುಂಚೆ ಒಪ್ಪಿಗೆ ಪತ್ರವಿದೆ. ನಾಲ್ಕು ಪುಟ. ಕನ್ನಡದವರಿಗೆಂದು ಭಾವ ತಾವೇ ಕೂತು ಕನ್ನಡದಲ್ಲಿ ಬರೆದದ್ದು. ಅದನ್ನು ಓದಬೇಕು, ಓದಿ ಕನಿಷ್ಠ ಒಂದು ಪ್ರಶ್ನೆ ಕೇಳಬೇಕು, ಆಮೇಲೆ ಸಹಿ. ಅವರ ಬಿಲ್ಡಿಂಗಿನ ಕೆಳಗೆ ಉಡುಪಿ ಕಡೆಯವರೊಬ್ಬರ ಹೋಟೆಲಿದೆ. ಎತ್ತಿನ ಹಾಗಿರುವ ಮನುಷ್ಯ. ಭಾವ ಆರು ತಿಂಗಳಿಂದ ಕಣ್ಣಿಟ್ಟಿದ್ದರು. ಕೊನೆಗೆ ಒಂದು ದಿನ ಆ ಹೋಟೆಲಿನವರು ಗಲ್ಲಾದ ಹಿಂದಿನಿಂದಲೇ ಕೈ ಚಾಚಿ ನಾಲ್ಕೂ ಪುಟಕ್ಕೆ ಸರಸರ ಸಹಿ ಹಾಕಿ, ಅಂಗಿಯ ತೋಳು ಮಡಚಿದರು.

ಭಾವ ಕಾಗದ ವಾಪಸು ತೆಗೆದುಕೊಂಡರು. "ನೀವು ಓದಲೇ ಇಲ್ಲ."

"ಓದುವುದು ಎಂತ ಡಾಕ್ಟ್ರೇ? ನಾನು ಈ ಹೋಟೆಲಿನ ಅಗ್ರಿಮೆಂಟೇ ಓದ್ಲಿಲ್ಲ ಮಾರಾಯ್ರೆ! ನಿಮ್ಮ ಮೇಲೆ ನಂಬಿಕೆ ಉಂಟು, ತೆಗೀರಿ."

"ನಂಬಿಕೆಯವರ ರಕ್ತ ನನಗೆ ಬೇಡ. ಓದಿದವರ ರಕ್ತ ಬೇಕು" ಎಂದು ಭಾವ ಎದ್ದು ಬಂದರು. ಆರು ತಿಂಗಳ ಬೇಟೆ! ಆ ಹೋಟೆಲಿನವರು ಇವತ್ತಿಗೂ ನನ್ನನ್ನು ಕಂಡರೆ ಕೇಳುತ್ತಾರೆ: "ನನ್ನ ರಕ್ತಕ್ಕೆ ಎಂತ ಆಗಿದೆ ಅಂತ ಡಾಕ್ಟ್ರು ಬೇಡ ಹೇಳಿದ್ದು?"

ನಾನು ಪಟ್ಟಿಗೆ ಸೇರಿದ್ದು ಹತ್ತು ವರ್ಷದ ಹಿಂದೆ. ಒಪ್ಪಿಗೆ ಪತ್ರವನ್ನು ಓದಿದವನ ಹಾಗೆ ಪುಟಕ್ಕೆ ಒಂದು ನಿಮಿಷ ದಿಟ್ಟಿಸಿ, "ನೋವಾಗುತ್ತಾ?" ಎಂಬ ಪ್ರಶ್ನೆ ಕೇಳಿ ಸಹಿ ಹಾಕಿದೆ. ಭಾವ ನನ್ನ ಮಂಡಿಗೆ ಸುತ್ತಿಗೆಯಿಂದ ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು, ಕಾಗದದ ಮೇಲೆ ಬರೆದರು: ಆರೋಗ್ಯವಂತ. ನನ್ನ ಜೀವಮಾನದಲ್ಲಿ ಯಾರೂ ನನಗೆ ಅಂಥ ಬಿರುದು ಕೊಟ್ಟಿರಲಿಲ್ಲ! ಎದೆ ಹೊಡೆದುಕೊಂಡಾಗಲೆಲ್ಲ ನಾನು ಹೇಳಿಕೊಳ್ಳುತ್ತಿದ್ದ ಮಂತ್ರ ಒಂದೇ: ನಾನು ಕಂಟ್ರೋಲ್, ನಾನು ಕಂಟ್ರೋಲ್.

ಆರು ತಿಂಗಳಿಗೊಮ್ಮೆ ಶನಿವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅವರ ಪ್ರಯೋಗಾಲಯಕ್ಕೆ ಹೋಗಬೇಕು. ಹೋದ ಕೂಡಲೆ ನಾನು ಭಾವಮೈದುನನಲ್ಲ, ಸಿ-ಮೂವತ್ತೊಂದು. ನಳಿಗೆಗೆ ಚೀಟಿ ಅಂಟಿಸಿದ ಮೇಲೆ ಹೆಸರು ಎತ್ತುವ ಹಾಗಿಲ್ಲ.

"ಭಾವ, ನನ್ನ ರಿಪೋರ್ಟ್ ಏನಾಯ್ತು?"

"ಯಾರದು?"

"ನಂದು. ಸಿ-ಮೂವತ್ತೊಂದು."

"ಸಿ-ಮೂವತ್ತೊಂದು ಯಾರು ಅಂತ ನನಗೆ ಗೊತ್ತಿಲ್ಲ."

"ಚೀಟಿ ಅಂಟಿಸಿದ್ದು ನೀವೇ ಅಲ್ವಾ!"

"ಅಂಟಿಸಿದೆ. ಮರೆತೆ. ಮರೆಯೋದೂ ನನ್ನ ಕೆಲಸವೇ."

ಎಲ್ಲ ಮುಗಿದ ಮೇಲೆ ಒಂದು ಗ್ಲುಕೋಸ್ ಬಿಸ್ಕತ್ತಿನ ಪ್ಯಾಕೆಟ್ಟು. ರಕ್ತ ಕೊಟ್ಟವರಿಗೆ ಮಾತ್ರ. ಒಮ್ಮೆ ನಾನು ರಕ್ತ ಕೊಟ್ಟು, ಬಿಸ್ಕತ್ತು ತಿನ್ನುತ್ತಾ, ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದಿದ್ದನ್ನು ಬಾಯಿತಪ್ಪಿ ಹೇಳಿಬಿಟ್ಟೆ. ಭಾವ ನನ್ನ ನಳಿಗೆಯನ್ನು ಕಸಕ್ಕೆ ಹಾಕಿದರು. ಆಮೇಲೆ ಕೈ ಚಾಚಿ ಉಳಿದ ಬಿಸ್ಕತ್ತನ್ನೂ ವಾಪಸು ಪಡೆದರು! ಸುಳ್ಳು ಅಂಕಿಗಿಂತ ಅಂಕಿಯೇ ಇಲ್ಲದಿರುವುದು ಮೇಲು ಎಂಬುದು ಅವರ ಗಾಯತ್ರಿ. ನೆಗಡಿಯಾದರೆ ಒಂದು ತಿಂಗಳು ಮುಂದಕ್ಕೆ. ಗಣಪತಿ ಹಬ್ಬದ ದಿನ ಅವರ ಮನೆಯಲ್ಲಿ ನಾನು ಎರಡು ಸಲ ಸೀನಿದ್ದಕ್ಕೆ ಅಡುಗೆಮನೆಗೆ ಹೋಗಿ ಅಕ್ಕನಿಗೆ ದೂರು ಹೇಳಿದ್ದರು: "ನಿನ್ನ ತಮ್ಮನಿಗೆ ಸ್ವಲ್ಪವಾದ್ರೂ ಜವಾಬ್ದಾರಿ ಬೇಡ್ವಾ?"

ಅವರು ಹುಡುಕುವ ಕಾಯಿಲೆಯಾದರೂ ಎಂಥದು? ಇದನ್ನು ಭಾವ ವಿವರಿಸಿದ್ದು ಅವರ ಬಿಲ್ಡಿಂಗಿನ ನಿವಾಸಿಗಳ ಸೊಸೈಟಿಯ ವಾರ್ಷಿಕ ಮೀಟಿಂಗಿನಲ್ಲಿ, ನೀರಿನ ಟ್ಯಾಂಕಿನ ಚರ್ಚೆಯ ನಡುವೆ, ಯಾರೂ ಕೇಳದಿದ್ದಾಗ.

"ನೋಡಿ, ಒಂದಿನ ಹಸಿರು ಶರ್ಟ್ ಹಾಕ್ಕೊಂಡು ಕಳ್ಳ ಬಂದ. ಅವನೇ ವೈರಸ್. ವಾಚ್‌ಮನ್ ಹೊಡೆದು ಓಡಿಸಿದ. ಶಭಾಷ್! ಆದ್ರೆ ಅವನ ತಲೇಲಿ ಹಸಿರು ಶರ್ಟ್ ಕೂತುಬಿಡ್ತು. ವರ್ಷಗಳಾದ ಮೇಲೆ ಎಲೆಕ್ಟ್ರಿಷಿಯನ್ ಹಸಿರು ಶರ್ಟ್ ಹಾಕ್ಕೊಂಡು ಬಂದ. ಅವನಿಗೂ ಬಿತ್ತು. ವೈರಿನ ಮೇಲಿನ ಪ್ಲಾಸ್ಟಿಕ್ಕೂ ಹಸಿರು, ಅದನ್ನೂ ಕಿತ್ತ. ಈಗ ಬಿಲ್ಡಿಂಗಲ್ಲಿ ಒಂದು ಕಡೆ ಲೈಟಿಲ್ಲ, ಒಂದು ಕಡೆ ಲಿಫ್ಟಿಲ್ಲ. ಕಳ್ಳ ಯಾವತ್ತೋ ಹೋದ. ಮನೆ ಹಾಳ್ಮಾಡ್ತಿರೋನು ನಮ್ಮ ವಾಚ್‌ಮನ್ನೇ!"

ನರಗಳ ಮೇಲಿನ ಪೊರೆಯನ್ನು ನಮ್ಮದೇ ರೋಗನಿರೋಧಕ ಶಕ್ತಿ ತಿಂದುಹಾಕುವ ಆ ಕಾಯಿಲೆಯನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಆದರೆ ಬಾಗಿಲ ಬಳಿ ನಿಂತು ಅರ್ಧಂಬರ್ಧ ಕೇಳಿಸಿಕೊಂಡ ಸೊಸೈಟಿಯ ವಾಚ್‌ಮನ್ ಮರುದಿನ ಸಮವಸ್ತ್ರ ಬಿಚ್ಚಿಟ್ಟ. "ಇಪ್ಪತ್ತು ವರ್ಷ ಸೇವೆ ಮಾಡಿದ ನನ್ನನ್ನೇ ಕಳ್ಳ ಅಂದ್ರು ಸಾಬ್" ಎಂದು ಅಳು. ಭಾವ ಅವನ ಕೋಣೆಗೆ ಹೋಗಿ ಒಂದು ಗಂಟೆ ಸಮಾಧಾನ ಮಾಡಿದರು. ಬರುವಾಗ ಒಪ್ಪಿಗೆ ಪತ್ರಕ್ಕೆ ಅವನ ಸಹಿಯೂ ಆಗಿತ್ತು. ಪ್ರಶ್ನೆ ಕೇಳಿದನಂತೆ, ಮೂರು!

ಇಷ್ಟೆಲ್ಲ ನಗುನಗುತ್ತಾ ಹೇಳುತ್ತಿದ್ದೇನಲ್ಲ, ಕಳೆದ ವರ್ಷದ ಆ ಶನಿವಾರ ಮಾತ್ರ ನನಗೆ ನಗು ಬರಲಿಲ್ಲ. ಕಾಫಿ ಇಲ್ಲ, ನೆಗಡಿ ಇಲ್ಲ; ಹೊಟ್ಟೆ ಖಾಲಿ, ಮನಸ್ಸು ನಿರ್ಮಲ. ಹೋಗಿ ತೋಳು ಮಡಚಿ ಕುರ್ಚಿಯಲ್ಲಿ ಕೂತೆ. ಭಾವ ಪಟ್ಟಿಯ ರಿಜಿಸ್ಟರು ತೆರೆದರು, ಸ್ಕೇಲು ಇಟ್ಟು ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದರು.

"ನೀನು ಇನ್ಮೇಲೆ ಬೇಡ."

"ಸೀನೇ ಇಲ್ಲ ಭಾವ, ದೇವರಾಣೆ!"

"ಗೊತ್ತು."

"ಮುಂದಿನ ತಿಂಗಳು ಬರ್ಲಾ?"

"ಬೇಡ. ಯಾವತ್ತೂ ಬೇಡ." ಅವರು ನನ್ನ ಮುಖ ನೋಡಲಿಲ್ಲ. ಮೊಣಕೈಯನ್ನೂ ನೋಡಲಿಲ್ಲ! ಎದ್ದು ಹೋಗಿ ಕಪಾಟಿನಿಂದ ಬಿಸ್ಕತ್ತಿನ ಪ್ಯಾಕೆಟ್ಟು ತಂದು ನನ್ನ ಕೈಯಲ್ಲಿಟ್ಟರು.

ರಕ್ತ ಕೊಡದವನಿಗೆ ಬಿಸ್ಕತ್ತು! ತಿನ್ನುತ್ತಿದ್ದ ಬಿಸ್ಕತ್ತನ್ನೇ ಕಸಿದುಕೊಂಡ ಮನುಷ್ಯ! ನೇಣಿಗೆ ಮುಂಚೆ ಖೈದಿಗೆ ಇಷ್ಟದ ಊಟ ಕೊಡುತ್ತಾರೆ ಎಂದು ಕೇಳಿದ್ದೆ.

ಮುಂದಿನ ಮೂರು ವಾರ ನಾನು ಬದುಕಿದ್ದು ಹೇಗೆಂದು ಕೇಳಬೇಡಿ. ಮಲಾಡಿನ ಲ್ಯಾಬಿನಲ್ಲಿ ತಲೆಯಿಂದ ಕಾಲಿನವರೆಗಿನ ಪರೀಕ್ಷೆ ಮಾಡಿಸಿದೆ. ಎಲ್ಲ ಸರಿಯಿದೆ ಎಂದು ಬಂತು. ಇವರ ಯಂತ್ರಕ್ಕೇ ಸಿಗದ್ದು ಭಾವನಿಗೆ ಸಿಕ್ಕಿದೆ ಎಂದರೆ ಅದೆಂಥ ಭಯಂಕರವಾಗಿರಬೇಕು! ನರಗಳ ಪರೀಕ್ಷೆಗೆಂದು ಗೋರೆಗಾಂವ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಹಳದಿ ಪಟ್ಟೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆದೆ, ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿಕೊಂಡೆ. "ಸುಬಹ್ ಸುಬಹ್ ಪೀಕೆ ಆಯಾ ಹೈ" ಎಂದು, ಬೆಳಬೆಳಗ್ಗೆ ಕುಡಿದು ಬಂದವನೆಂದುಕೊಂಡು ಪಕ್ಕದವರು ದೂರ ಸರಿದರು. ಅದರಿಂದ ಒಂದು ಲಾಭವಾಯಿತು. ಜೀವನದಲ್ಲಿ ಮೊದಲ ಸಲ ಒಂಬತ್ತು ಗಂಟೆಯ ಲೋಕಲ್ಲಿನಲ್ಲಿ ನನ್ನ ಸುತ್ತ ಅರ್ಧ ಅಡಿ ಜಾಗ ಸಿಕ್ಕಿತು.

ಹೆಂಡತಿ ಹೇಳಿದಳು, "ನಿಮ್ಮ ರಕ್ತದಲ್ಲಿ ಹೆದರಿಕೆ ಬಿಟ್ರೆ ಇನ್ನೇನೂ ಸಿಗಲ್ಲ. ಅದು ಭಾವನಿಗೂ ಗೊತ್ತಾಗಿರುತ್ತೆ, ಸಾಕು ಅಂದಿದ್ದಾರೆ."

ಮುಂಬೈಯಲ್ಲೇ ಹುಟ್ಟಿದ ಮಗಳು ಫೋನಿನಿಂದ ತಲೆಯೆತ್ತದೆ, "ಪಪ್ಪಾ, ನೀನು ಫಿಟ್ ಇದ್ದೀಯಾ ಯಾರ್. ಅತ್ತೆಗೆ ಫೋನ್ ಕರೋ ನಾ, ಅವಳು ಹೇಳ್ತಾಳೆ" ಎಂದಳು.

ಅಕ್ಕನಿಗೆ ಫೋನು ಮಾಡಿದೆ. ನಾನು ಬಾಯಿ ಬಿಡುವ ಮುಂಚೆಯೇ, "ಅವರು ಹಾಗೇ ಕಣೋ, ಏನೋ ಲೆಕ್ಕ ಇರುತ್ತೆ. ತಲೆ ಕೆಡಿಸ್ಕೋಬೇಡ. ತಿಂಡಿ ಆಯ್ತಾ? ಸರಿ, ಇಡ್ತೀನಿ" ಎಂದು ಇಟ್ಟೇಬಿಟ್ಟಳು. ಫೋನು ಹಿಡಿದರೆ ಅರ್ಧ ಗಂಟೆ ಬಿಡದ ಅಕ್ಕ! ಅಂದರೆ ಅವಳಿಗೂ ಗೊತ್ತಾಗಿದೆ, ತಮ್ಮನ ಕತೆ ಮುಗಿಯಿತೆಂದು ದುಃಖ ನುಂಗಿಕೊಂಡಿದ್ದಾಳೆ, ಪಾಪ. ಅವಳಿಗಾಗಿ ನಾನೇ ಸ್ವಲ್ಪ ಅತ್ತೆ.

ನಾಲ್ಕನೆಯ ಶನಿವಾರ ತಡೆಯಲಾಗಲಿಲ್ಲ. ಪ್ರಯೋಗಾಲಯಕ್ಕೆ ನುಗ್ಗಿ ಭಾವನ ಮುಂದೆ ನಿಂತೆ. "ಎಷ್ಟು ದಿನ ಅಂತ ಹೇಳಿಬಿಡಿ. ಮಗಳ ಓದು ಮುಗಿಯೋವರೆಗಾದ್ರೂ ಇರ್ತೀನಾ?"

ಭಾವ ಕೈಯಲ್ಲಿದ್ದ ನಳಿಗೆಯನ್ನು ಸ್ಟ್ಯಾಂಡಿನಲ್ಲಿಟ್ಟರು. "ನಿನ್ನ ರಕ್ತದಲ್ಲಿ ಏನೂ ಇಲ್ಲ."

"ಹಾಗಿದ್ರೆ ಹೆಸರು ಯಾಕೆ ಹೊಡೆದ್ರಿ?"

"ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

ಅವರು ಕಪಾಟಿನಿಂದ ಒಪ್ಪಿಗೆ ಪತ್ರದ ಖಾಲಿ ಪ್ರತಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. "ಹತ್ತು ವರ್ಷದಲ್ಲಿ ಒಂದು ಸಲಾನೂ ನೀನು ಇದನ್ನ ಓದಿಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದೂ ನಿನ್ನ ರಕ್ತ ತಗೊಂಡೆ, ಅದು ನನ್ನ ತಪ್ಪು. ಈಗ ಓದು. ಮೂರನೇ ಪುಟ. ಗಟ್ಟಿಯಾಗಿ."

ಓದಿದೆ. "ನಿಮ್ಮ ತಂದೆ, ತಾಯಿ, ಮಕ್ಕಳು ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಇರುವುದು ತಿಳಿದುಬಂದಲ್ಲಿ ನಿಮ್ಮನ್ನು ಆರೋಗ್ಯವಂತರ ಪಟ್ಟಿಯಿಂದ ಕೈಬಿಡಲಾಗುವುದು." ಓದಿ ಮುಗಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. "ಅಷ್ಟೇನಾ! ಏನೋ ತಪ್ಪಾಗಿದೆ ಭಾವ. ಅಪ್ಪ ಅಮ್ಮ ವಯಸ್ಸಾಗಿ ಹೋದ್ರು. ಮಗಳು ಗುಂಡುಕಲ್ಲು. ಇನ್ನು ಒಡಹುಟ್ಟಿದವರು ಅಂದ್ರೆ ನನಗೆ ಇರೋದು ಅಕ್ಕ ಒಬ್ಬಳೇ..."

ಪಕ್ಕದಲ್ಲಿ ಯಾವುದೋ ಯಂತ್ರ ಗರಗರ ತಿರುಗುತ್ತಿತ್ತು.

"ನಾನು ಹೇಳ್ಲಿಲ್ಲ" ಎಂದರು ಭಾವ. "ನೆನಪಿಟ್ಕೋ. ನೀನೇ ಓದಿದೆ."

ಅಕ್ಕನಿಗೆ ಶುರುವಾಗಿ ಎರಡು ತಿಂಗಳಾಗಿತ್ತಂತೆ. ಎಡಗಾಲು ಜೋಮು ಹಿಡಿದದ್ದು ಬಿಡಲಿಲ್ಲ. ಭಾವನ ಸ್ನೇಹಿತರಾದ ನರರೋಗದ ಡಾಕ್ಟರು ತಲೆಯ ಚಿತ್ರ ತೆಗೆಸಿ ನೋಡಿ ಹೇಳಿದರು. ಔಷಧವಿದೆ, ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಒಂದು ದಿನ ಮಲಗಿ ಹನಿಹನಿಯಾಗಿ ಏರಿಸಿಕೊಳ್ಳಬೇಕು. ಇದ್ದಲ್ಲಿಗೇ ನಿಲ್ಲಿಸಬಹುದು ಎಂಬ ಭರವಸೆಯಿದೆ. ಅಕ್ಕ ಗಂಡನಿಂದ ಒಂದೇ ಮಾತು ತೆಗೆದುಕೊಂಡಿದ್ದಳು: "ನನ್ನ ತಮ್ಮನಿಗೆ ಮಾತ್ರ ಹೇಳ್ಬೇಡಿ. ಹೇಳಿದ್ರೆ ನನಗಿಂತ ಮುಂಚೆ ಅವನು ಆಸ್ಪತ್ರೆ ಸೇರ್ತಾನೆ."

ಹೆಂಡತಿಗೆ ಕೊಟ್ಟ ಮಾತು ಒಂದು ಕಡೆ, ಮೂರನೇ ಪುಟ ಇನ್ನೊಂದು ಕಡೆ. ಭಾವ ಎರಡನ್ನೂ ಮೀರಲಿಲ್ಲ. ಬಾಯಿ ಮುಚ್ಚಿಕೊಂಡರು, ಗೆರೆ ಎಳೆದರು.

"ನನ್ನ ಒಬ್ಬನ ಹೆಸರು ಹಾಗೇ ಬಿಟ್ಟಿದ್ರೆ ಯಾರಿಗೆ ಗೊತ್ತಾಗ್ತಿತ್ತು ಭಾವ?" ಎಂದೆ.

"ನನಗೆ" ಎಂದರು.

ಇಬ್ಬರೂ ಒಂದೇ ಲೋಕಲ್ ಹಿಡಿದು ಘಾಟ್ಕೋಪರಿಗೆ ಹೋದೆವು. ಮೂರು ವಾರ ನಾನು ಜಗತ್ತಿನಲ್ಲಿರುವ ಕಾಯಿಲೆಗಳನ್ನೆಲ್ಲ ಹುಡುಕಿ ಹುಡುಕಿ ನನ್ನ ಮೇಲೆ ಹೇರಿಕೊಂಡಿದ್ದೆ. ಹೆದರುವುದರಲ್ಲಿ ಇಷ್ಟು ವರ್ಷದ ಅನುಭವವಿರುವವನು, ಹೆದರಬೇಕಾದ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ! ಫೋನಿಟ್ಟ ಅಕ್ಕನಿಗಾಗಿ ಅತ್ತಿದ್ದೆನಲ್ಲ, ಅದೂ ನನಗಾಗಿಯೇ.

ಬಾಗಿಲು ತೆರೆದ ಅಕ್ಕ ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು. "ಹೇಳಿಬಿಟ್ರಾ?"

"ಇಲ್ಲ. ಓದಿಸಿದೆ."

"ಅಯ್ಯೋ, ಇವರೊಬ್ಬರು!" ಎಂದು ಹಣೆ ಚಚ್ಚಿಕೊಂಡು ನಕ್ಕಳು. ನನ್ನ ಕಡೆ ತಿರುಗಿ, "ಏಯ್, ಅಳೋದಾದ್ರೆ ಈಗಲೇ ಅತ್ತು ಮುಗಿಸು. ಆಮೇಲೆ ಕಾಫಿ ಕೊಡ್ತೀನಿ. ಕಣ್ಣೀರು ಬಿದ್ದು ಉಪ್ಪಾದ್ರೆ ಬೇರೆ ಮಾಡ್ಕೊಡಲ್ಲ" ಎಂದಳು. ಗೋಡೆಯ ಮೇಲೆ ಬೆರಳ ತುದಿ ಊರಿಕೊಂಡು ಅಡುಗೆಮನೆಗೆ ಹೋದಳು. ಎಡ ಹೆಜ್ಜೆಯನ್ನು ಸ್ವಲ್ಪ ನೋಡಿ ಇಡುತ್ತಿದ್ದಳು.

ಕಾಫಿಯಾಯಿತು. ಗಡಿಯಾರ ನೋಡಿ ಭಾವ ಎದ್ದು, ಕೈ ತೊಳೆದು, ಒಂದು ನೋಟ್‌ಬುಕ್ಕು, ಒಂದಿಷ್ಟು ಹತ್ತಿ ತಂದರು. ದಿನಾ ಸಂಜೆಯ ಪರೀಕ್ಷೆಯಂತೆ. ಅಕ್ಕ ದಿವಾನದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು. ಭಾವ ನೆಲದ ಮೇಲೆ ಕೂತು ಅವಳ ಎಡ ಹಿಮ್ಮಡಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹತ್ತಿಯನ್ನು ಎಳೆ ಮಾಡಿ ಪಾದಕ್ಕೆ ಸೋಕಿಸಿ ಕೇಳುವುದು, ಅವಳು ಹೇಳುವುದು, ಇವರು ಬರೆಯುವುದು.

"ಈಗ?"

"ಹೂಂ."

"ಈಗ?"

"ಹೂಂ, ಗೊತ್ತಾಯ್ತು."

ಹೆಬ್ಬೆರಳಿನ ಹತ್ತಿರ ಬಂದಾಗ ಭಾವನ ಕೈ ನಿಂತಿತು. ಹತ್ತಿಯ ಎಳೆ ಪಾದದಿಂದ ಒಂದು ಗೇಣು ದೂರದಲ್ಲಿ, ಗಾಳಿಯಲ್ಲಿತ್ತು. ಉತ್ತರ ನಿಜವೋ ಅಲ್ಲವೋ ನೋಡಲು ನಡುನಡುವೆ ಹೀಗೆ ಮುಟ್ಟದೆ ಕೇಳುವುದೂ ಅವರ ಶಾಸ್ತ್ರದ ಕ್ರಮವೇ ಎಂದು ನನಗೆ ಗೊತ್ತಿತ್ತು.

"ಈಗ?" ಎಂದರು.

ಅಕ್ಕ ಸ್ವಲ್ಪ ತಡೆದಳು. ಮುಚ್ಚಿದ ರೆಪ್ಪೆಗಳು ಅದುರಿದವು.

"ಹೂಂ" ಎಂದಳು. "ಚೆನ್ನಾಗಿ ಗೊತ್ತಾಯ್ತು."

ಭಾವ ಹತ್ತಿಯನ್ನು ಕೆಳಗಿಟ್ಟರು. ಪೆನ್ನಿನ ಟೋಪಿ ತೆಗೆದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ನೋಟ್‌ಬುಕ್ಕಿನ ಆ ಸಾಲಿನಲ್ಲಿಯೂ ಸರಿ ಎಂದು ಗುರುತು ಹಾಕಿದರು. ನನ್ನ ಕಡೆ ನೋಡಲಿಲ್ಲ. ಅವಳ ಪಾದವನ್ನು ತೊಡೆಯ ಮೇಲಿನಿಂದ ಇಳಿಸಲೂ ಇಲ್ಲ.

ಅಕ್ಕ ಕಣ್ಣು ಬಿಟ್ಟು ನನ್ನನ್ನು ಕೇಳಿದಳು: "ನೀನು ನೋಡ್ತಿದ್ದೆಯಲ್ಲ, ನಾನು ಎಲ್ಲಾ ಸರಿಯಾಗಿ ಹೇಳಿದ್ನೇನೋ?"

ಹುಟ್ಟಿದಾಗಿನಿಂದ ಯಾವುದರ ಬಗ್ಗೆಯೂ ನಾನು ಆಡದಿದ್ದ ಮಾತು ಅದು. ಹೇಗೋ ಬಾಯಿಗೆ ಬಂತು.

"ಎಲ್ಲಾ ಸರಿಯಾಗಿದೆ ಕಣಕ್ಕ" ಎಂದೆ.